ಕಸ್ತೂರ್ಬಾ ರಸ್ತೆಗೆ ಅಪ್ಪನನ್ನೂ ಮಗಳನ್ನೂ ಕರ್ಕೊಂಡು ಹೋಗಬೇಕು, ಎಲ್ಲಿಂದ ಶುರು ಮಾಡಲಿ?

ಕೆಂಗೇರಿ ಸುಮ

ಎಲ್ಲರಿಗೂ ನಮಸ್ಕಾರ. ನಮ್ಮಪ್ಪ ಮದ್ದೂರು ಕಡೆಯ ಹಳ್ಳಿಯಿಂದ ಹದಿನೈದು ದಿನ ಇದ್ದು ಹೋಗೋಣ ಅಂತ ಬಂದಿದ್ದಾರೆ. 74 ವರ್ಷ. ಕಬ್ಬು, ಭತ್ತ, ನಾಲೆ ನೀರು ಬಿಟ್ಟರೆ ಬೇರೆ ಮಾತಿಲ್ಲ. ಮೂರನೇ ದಿನಕ್ಕೇ ಬಾಲ್ಕನಿಯಲ್ಲಿ ಕೂತು "ಯಾವತ್ತವ್ವ ನನ್ನ ರೈಲು ಹತ್ತಿಸೋದು?" ಅಂತ ಶುರು ಮಾಡಿದ್ದಾರೆ. ಮಗಳಿಗೆ ಒಂಬತ್ತು ವರ್ಷ, ದಸರಾ ರಜೆ. ಅವಳು ಒಂದು ನಿಮಿಷ ಕೂರಲ್ಲ, ಇವರು ಎದ್ದೇಳಲ್ಲ.

ಇಬ್ಬರಿಗೂ ಆಗೋ ಹಾಗೆ ಒಂದು ದಿನ ಕಸ್ತೂರ್ಬಾ ರಸ್ತೆಗೆ ಹೋಗೋಣ ಅಂತ ನನ್ನ ಲೆಕ್ಕ. ಸರ್ಕಾರಿ ವಸ್ತುಸಂಗ್ರಹಾಲಯ, ವೆಂಕಟಪ್ಪ ಚಿತ್ರಶಾಲೆ, ವಿಶ್ವೇಶ್ವರಯ್ಯ ಮ್ಯೂಸಿಯಂ ಮೂರೂ ಒಂದೇ ಸಾಲಿನಲ್ಲಿವೆ. ಎದುರಿಗೆ ಹೊಸ ಮ್ಯಾಪ್, ಅಂದ್ರೆ ಕಲೆ ಮತ್ತು ಫೋಟೊಗಳ ಮ್ಯೂಸಿಯಂ. ಬೆನ್ನಿಗೆ ಕಬ್ಬನ್ ಪಾರ್ಕ್.

ನಿಜ ಹೇಳಬೇಕು ಅಂದ್ರೆ ಮೊನ್ನೆ ಒಂದು ಸಲ ಹೋಗಿ ಪೆಚ್ಚಾಗಿ ಬಂದಿದ್ದೇವೆ. ತಪ್ಪೆಲ್ಲಾ ನನ್ನದೇ. ಆಟೊದವರಿಗೆ "ಮ್ಯೂಸಿಯಂ ರೋಡ್" ಅಂದೆ. ಅವರು ಪಾಪ ಸರಿಯಾಗಿ ಮ್ಯೂಸಿಯಂ ರೋಡಿಗೇ ಬಿಟ್ಟರು. ಅಲ್ಲಿ ಮ್ಯೂಸಿಯಂ ಇಲ್ಲ! ಅಲ್ಲಿಂದ ಇನ್ನೊಂದು ಆಟೊ ಹಿಡಿದು ಬಂದರೆ ಸರ್ಕಾರಿ ಮ್ಯೂಸಿಯಂನ ಕೆಂಪು ಕಟ್ಟಡದ ಗೇಟಿಗೆ ಬೀಗ. ಸೋಮವಾರ ರಜೆ. ಪಕ್ಕದ ವಿಶ್ವೇಶ್ವರಯ್ಯ ಮ್ಯೂಸಿಯಂ ಪುಣ್ಯಕ್ಕೆ ತೆರೆದಿತ್ತು. ಮಗಳು ಗರ್ಜಿಸೋ ಡೈನೋಸಾರ್ ಮುಂದೆ ನಾಲ್ಕು ಸಲ ನಿಂತಳು. ಅಪ್ಪ ಹೊರಗಿರೋ ಹೊಗೆ ಇಂಜಿನ್ ನೋಡಿ, "ಇಂಥದೇ ಗಾಡೀಲಿ ನಾನು ಮದ್ದೂರಿಂದ ಮೈಸೂರಿಗೆ ಹೋಗ್ತಿದ್ದೆ, ಇದನ್ನ ನೋಡಕ್ಕೆ ಇಲ್ಲಿಗಂಟ ಬರಬೇಕಿತ್ತಾ" ಅಂದು ಬೆಂಚಿನ ಮೇಲೆ ಕೂತುಬಿಟ್ಟರು.

ಈ ಸಲ ಮತ್ತೆ ಎಡವಬಾರದು. ಸರ್ಕಾರಿ ಮ್ಯೂಸಿಯಂ ಅಂದ್ರೆ ಅಪ್ಪ, "ಮುಕ್ಕಾದ ಮೂರ್ತಿ ನೋಡಕ್ಕೆ ಟಿಕೆಟ್ಟು ಬೇರೆ ಕೇಡು" ಅಂತಾರೆ. ಅವರಿಗೆ ಹಿಡಿಸೋ ಅಂಥದ್ದು ಅಲ್ಲಿ ಏನಾದ್ರೂ ಇದೆಯಾ? ಮಂಡಿ ನೋವು, ಜಾಸ್ತಿ ನಡೆಸೋ ಹಾಗಿಲ್ಲ.

---

ನಾಲ್ಕನೇ ಬ್ಲಾಕ್ ಹುಡ್ಗ

ಹಳೇದೆಲ್ಲಾ ಬಿಡಿ ಅಕ್ಕಾ, ನೇರ ಮ್ಯಾಪ್‌ಗೆ ಹೋಗಿ. 2023ರ ಫೆಬ್ರವರಿಯಲ್ಲಿ ತೆರೆದಿದ್ದು. ಚಿತ್ರ, ಫೋಟೊ, ಬಟ್ಟೆ, ಹಳೇ ಸಿನಿಮಾ ಪೋಸ್ಟರ್ ಎಲ್ಲಾ ಇದೆ. ಲಿಫ್ಟ್ ಇದೆ, ಮೇಲೆ ಕಾಫಿ ಸಿಗುತ್ತೆ. ಹೊರಗಿನ ಗೋಡೆ ಪೂರ್ತಿ ಸ್ಟೀಲ್ ತಗಡು. ನೀರಿನ ಟ್ಯಾಂಕ್ ನೋಡಿ ಮಾಡಿದ ವಿನ್ಯಾಸವಂತೆ, ನೋಡೋಕೂ ಹಾಗೇ ಇದೆ. ಅದಕ್ಕೂ ಸೋಮವಾರ ರಜೆ, ಮತ್ತೆ ಮರೀಬೇಡಿ. 😄

ಸರ್ಕಾರಿ ಮ್ಯೂಸಿಯಂ ಸ್ಕೂಲ್ ಟ್ರಿಪ್ಪಿನಲ್ಲಿ ನೋಡಿದ್ದು. ಕಲ್ಲು, ಕಲ್ಲು, ಆಮೇಲೆ ಇನ್ನೊಂದಿಷ್ಟು ಕಲ್ಲು.

---

ರಿಟೈರ್ಡ್ ಕನ್ನಡ ಮೇಷ್ಟ್ರು

ನಾಲ್ಕನೇ ಬ್ಲಾಕ್ ಹುಡುಗನನ್ನು ಕರ್ಕೊಂಡು ಹೋದ ಮೇಷ್ಟ್ರು ಯಾರೋ ಏನೋ, ನಾನಂತೂ ಅಲ್ಲ. ಇಪ್ಪತ್ತೆರಡು ವರ್ಷ ಹೈಸ್ಕೂಲು ಮಕ್ಕಳನ್ನು ಈ ರಸ್ತೆಗೆ ಕರ್ಕೊಂಡು ಬಂದಿದ್ದೇನೆ. ಮೊದಲೆರಡು ವರ್ಷ ನಾನೂ "ಇದು ಹೊಯ್ಸಳ, ಇದು ಗಂಗ" ಅಂತ ಎಲ್ಲಾ ಕಲ್ಲಿನ ಮುಂದೆ ನಿಲ್ಲಿಸಿ ಅವರ ಪ್ರಾಣ ತಿಂದೆ. ಆಮೇಲೆ ಬುದ್ಧಿ ಬಂತು. ಒಂದೇ ಕಲ್ಲು ತೋರಿಸೋದು, ಅದರ ಕಥೆ ಪೂರ್ತಿ ಹೇಳೋದು, ಆಮೇಲೆ ಪಾರ್ಕಿಗೆ ಬಿಡೋದು.

ಸುಮಮ್ಮ, ನಿಮ್ಮ ತಂದೆಯವರು ಮದ್ದೂರು ಕಡೆಯವರು ಅಂದಿರಲ್ಲ, ಹಾಗಾದರೆ ಯಾವ ಕಲ್ಲು ಅನ್ನೋದು ತೀರ್ಮಾನ ಆಗಿಹೋಯಿತು. ಅದು ನಿಮ್ಮ ಕಡೆಯದೇ. ಆತಕೂರು ಶಾಸನ. ಊರಿನ ಈಗಿನ ಹೆಸರು ಆತಗೂರು, ಮದ್ದೂರು ತಾಲ್ಲೂಕು. ಅಲ್ಲಿನ ಚೆಲ್ಲೇಶ್ವರನ ಗುಡಿ ಹತ್ತಿರ ಸಿಕ್ಕಿದ್ದು. ಕಾಲ ಕ್ರಿ.ಶ. 949-50. ಸಾವಿರ ವರ್ಷ ದಾಟಿದೆ.

ಕಥೆ ಕೇಳಿ. ಈಗಿನ ಅರಕ್ಕೋಣದ ಹತ್ತಿರ ತಕ್ಕೋಲ ಅಂತ ಊರು. ಅಲ್ಲಿ ರಾಷ್ಟ್ರಕೂಟರ ಮೂರನೇ ಕೃಷ್ಣನಿಗೂ ಚೋಳರಿಗೂ ದೊಡ್ಡ ಯುದ್ಧ. ಕೃಷ್ಣನ ಕಡೆ ಗಂಗರ ಬೂತುಗ. ಚೋಳರ ರಾಜಾದಿತ್ಯ ಅಲ್ಲೇ ಸತ್ತ. ಬೂತುಗನ ಕೈಕೆಳಗೆ ಮಣಲೆರ ಅಂತ ಒಬ್ಬ ಬಂಟ, ಚೆನ್ನಾಗಿ ಕಾದಾಡಿದ. ಒಡೆಯ ಮೆಚ್ಚಿ, ಏನು ಬೇಕೋ ಕೇಳು ಅಂದ. ನಾವಾಗಿದ್ರೆ ಊರು ಕೇಳ್ತಿದ್ವಿ, ಚಿನ್ನ ಕೇಳ್ತಿದ್ವಿ. ಇವನು ಕೇಳಿದ್ದು ಒಂದು ನಾಯಿ. ಕಾಳಿ ಅನ್ನೋ ಬೇಟೆನಾಯಿ.

ಆ ಕಾಳಿಯನ್ನು ಒಂದು ದಿನ ಬೆಳತೂರಿನ ಪಡುವಣ ದಿಕ್ಕಿನ ಮೊರಡಿಯಲ್ಲಿ, ಅಂದರೆ ಗುಡ್ಡದಲ್ಲಿ, ದೊಡ್ಡ ಹಂದಿ ಮೇಲೆ ಬಿಟ್ಟರು. ಹಂದಿಯೂ ಸತ್ತಿತು, ನಾಯಿಯೂ ಸತ್ತಿತು. ಶಾಸನದ ಮಾತು ಎಷ್ಟು ಚೆಂದ ನೋಡಿ: "ಪಂದಿಯುಂ ನಾಯುಂ ಒಡಸತ್ತುವು". ಒಡಹುಟ್ಟಿದವರು ಅಂತೀವಲ್ಲ, ಅದೇ "ಒಡ". ಒಟ್ಟಿಗೆ ಸತ್ತವು. ಮಗಳಿಗೆ ಇದೊಂದು ಪದ ಹೇಳಿಕೊಡಿ ಸಾಕು, ಹಳಗನ್ನಡದ ಹೆದರಿಕೆ ಅರ್ಧ ಹೋಗುತ್ತೆ.

ನಾಯಿಗೆ ಅಂತ ಗುಡಿ ಮುಂದೆ ಕಲ್ಲು ನಿಲ್ಲಿಸಿದರು. ಹಂದಿ, ನಾಯಿ ಕಾದಾಡೋ ಕೆತ್ತನೆ ಅದರಲ್ಲೇ ಇದೆ. ಕಲ್ಲಿನ ಪೂಜೆ ನಡೀಲಿ ಅಂತ ದೊಡ್ಡ ಕೆರೆಯ ಕೆಳಗೆ ಎರಡು ಕಂಡುಗ ಗದ್ದೆ ಬಿಟ್ಟರು. ಕೊನೆಗೆ ಒಂದು ಕಟ್ಟಪ್ಪಣೆ: ಆ ಗುಡಿ ನೋಡಿಕೊಳ್ಳೋ ಗೊರವ ಈ ಕಲ್ಲಿಗೆ ಪೂಜೆ ಮಾಡದೆ ಉಂಡರೆ, ನಾಯಿ ಮಾಡಿದ ಪಾಪವೆಲ್ಲಾ ಅವನಿಗೆ!

ಮಗಳಿಗೆ ಕಲ್ಲಿನ ಮೇಲೆ ಅಕ್ಷರ ಹುಡುಕೋಕೆ ಹೇಳಿ. ರ ದುಂಡಗಿರುತ್ತೆ, ಗ ಕಮಾನಿನ ಹಾಗಿರುತ್ತೆ. ಮೊದಲು ಒಂದು ಅಕ್ಷರ ಸಿಕ್ಕರೆ ಆಮೇಲೆ ಅವಳೇ ಬಿಡಲ್ಲ. ಇನ್ನೂ ಉಮೇದು ಇದ್ದರೆ ಅಲ್ಲೇ ಬೇಗೂರಿನ ವೀರಗಲ್ಲು ಇದೆ, ಆನೆ, ಕುದುರೆ, ಸತ್ತವರು, ಸಾಯ್ತಿರೋರು ಎಲ್ಲಾ ಇರೋ ಯುದ್ಧ. ಇಲ್ಲದಿದ್ದರೆ ಬಿಟ್ಟುಬಿಡಿ.

---

ಕಂಟೋನ್ಮೆಂಟ್ ಹಳಬ

ಮ್ಯೂಸಿಯಂ ರೋಡಿಗೆ ಹೋಗಿ ಬೇಸ್ತು ಬಿದ್ದವರು ನೀವೊಬ್ಬರೇ ಅಲ್ಲ. ಆ ಹೆಸರು ಸುಳ್ಳೂ ಅಲ್ಲ. 1865ರಲ್ಲಿ ಈ ಮ್ಯೂಸಿಯಂ ಶುರುವಾದಾಗ ಅದು ಇದ್ದದ್ದು ಆ ಕಡೆ, ಕಂಟೋನ್ಮೆಂಟಿನ ಹಳೇ ಜೈಲಿನಲ್ಲಿ. ಮದ್ರಾಸಿನಲ್ಲಿ ಮ್ಯೂಸಿಯಂ ಮಾಡಿದ ಎಡ್ವರ್ಡ್ ಬಾಲ್ಫರ್ ಅನ್ನೋ ಡಾಕ್ಟರೇ ಇಲ್ಲೂ ಮುಂದೆ ನಿಂತರು. ಆಗ ಕಮಿಷನರ್ ಆಗಿದ್ದವರು ಬೌರಿಂಗ್. 1877ರಲ್ಲಿ ಈಗಿನ ಕೆಂಪು ಕಟ್ಟಡ ಎದ್ದಿತು. ವಿನ್ಯಾಸ ರಿಚರ್ಡ್ ಸ್ಯಾಂಕಿಯವರದು, ಕಬ್ಬನ್ ಪಾರ್ಕ್ ಮಾಡಿಸಿದವರೂ ಅವರೇ. ಸಾಮಾನು ಈ ಕಡೆ ಬಂತು, ಹೆಸರು ಅಲ್ಲೇ ಉಳೀತು. ಮ್ಯೂಸಿಯಂ ಇರೋ ರಸ್ತೆಗೆ ಆಗ ಸಿಡ್ನಿ ರೋಡ್ ಅಂತಿದ್ದರು.

ನಮ್ಮಜ್ಜಿ ಕೊನೇವರೆಗೂ ಮ್ಯೂಸಿಯಂ ಅನ್ನಲೇ ಇಲ್ಲ. "ತಮಾಷೆ ಬಂಗ್ಲೆ" ಅನ್ನೋರು. ಅವರಿಗೆ ಅಲ್ಲಿ ನೆನಪಿದ್ದದ್ದೂ ಕಲ್ಲಲ್ಲ, ಒಣಗಿಸಿ ಇಟ್ಟ ಪ್ರಾಣಿಗಳು.

ದಾರಿ ಹೇಳ್ತೀನಿ. ಕೆಂಗೇರಿಯಿಂದ ನೇರಳೆ ಲೈನ್ ಮೆಟ್ರೊ ಹತ್ತಿ, ಕಬ್ಬನ್ ಪಾರ್ಕ್ ಸ್ಟೇಷನ್‌ನಲ್ಲಿ ಇಳೀರಿ. ನೀವಾದ್ರೆ ನಡೀಬಹುದು. ಅಪ್ಪನವರಿಗೆ ಮಂಡಿ ನೋವು ಅಂದಿರಲ್ಲ, ಅಲ್ಲಿಂದ ಆಟೊ ಮಾಡಿ. ಹೋಗ್ತಾ ವಿಕ್ಟೋರಿಯಾ ರಾಣಿಯ ಬಿಳೀ ಪ್ರತಿಮೆ ಸಿಗುತ್ತೆ, 1906ರದ್ದು. ಆ ಕಡೆ ದಂಡು, ಈ ಕಡೆ ಪೇಟೆ, ನಡುವೆ ರಾಣಿ. "ಕಸ್ತೂರ್ಬಾ ರಸ್ತೆ, ವಿಶ್ವೇಶ್ವರಯ್ಯ ಮ್ಯೂಸಿಯಂ ಮುಂದೆ" ಅಂತ ಹೇಳಿ. ಬರೀ ಮ್ಯೂಸಿಯಂ ಅನ್ನಬೇಡಿ.

---

ಬಣ್ಣದ ಡಬ್ಬಿ

ವೆಂಕಟಪ್ಪ ಚಿತ್ರಶಾಲೆ ಯಾರೂ ಹೇಳಲಿಲ್ಲವಲ್ಲ, ಅದಕ್ಕೇ ಬರೀತಿದ್ದೇನೆ. ಎರಡು ದೊಡ್ಡ ಮ್ಯೂಸಿಯಂ ಮಧ್ಯೆ ಸಿಕ್ಕಿಕೊಂಡು ಅದಕ್ಕೆ ಯಾವಾಗಲೂ ಇದೇ ಗತಿ.

ಕೆ. ವೆಂಕಟಪ್ಪ (1886-1965) ಮೈಸೂರು ಅರಮನೆಯ ಕಲಾವಿದರು. ಕಲ್ಕತ್ತಾದಲ್ಲಿ ಅವನೀಂದ್ರನಾಥ ಟ್ಯಾಗೋರರ ಹತ್ತಿರ ಕಲಿತವರು. ಮದುವೆ ಆಗಲಿಲ್ಲ. ಚಿತ್ರ ಸಾಲದು ಅಂತ ವೀಣೆ ಶೇಷಣ್ಣನವರ ಹತ್ತಿರ ವೀಣೆ ಕಲಿತರು. ಅವರ ಊಟಿಯ ಜಲವರ್ಣ ಚಿತ್ರಗಳನ್ನು ನೋಡಿ. ಹತ್ತಿರ ಹೋಗಿ ನೋಡಿ, ಅಂಗೈ ಅಗಲದಲ್ಲಿ ಮಂಜು ಹೇಗೆ ಕೂತಿದೆ ಅಂತ. ಪ್ಲಾಸ್ಟರಿನಲ್ಲಿ ಮಾಡಿದ ಉಬ್ಬುಶಿಲ್ಪಗಳೂ ಇವೆ. ಕೆ.ಕೆ. ಹೆಬ್ಬಾರರ ಚಿತ್ರಗಳೂ ಇವೆ.

ನನಗೆ ಈ ಜಾಗದ ಮೇಲೆ ಸ್ವಲ್ಪ ಮೋಹ ಜಾಸ್ತಿ. ಮೊದಲ ಗುಂಪು ಪ್ರದರ್ಶನ ಮಾಡಿದ್ದು ಇಲ್ಲೇ. ಬಾಡಿಗೆ ಕಮ್ಮಿ, ಹಾಗಾಗಿ ನಮ್ಮಂಥವರಿಗೂ ಗೋಡೆ ಸಿಕ್ಕಿತು. 2016ರಲ್ಲಿ ಇದನ್ನು ಖಾಸಗಿಯವರ ಕೈಗೆ ಕೊಡ್ತಾರೆ ಅಂದಾಗ ಊರಿನ ಕಲಾವಿದರೆಲ್ಲಾ ಬಂದು ರಸ್ತೆಯಲ್ಲಿ ಕೂತದ್ದು ಸುಮ್ನೆ ಅಲ್ಲ. ಹೊರಡೋ ಮುಂಚೆ ಒಂದು ಫೋನ್ ಮಾಡಿ, ಹಳೇ ಕಟ್ಟಡ, ಆಗಾಗ ಕೆಲಸ ನಡೀತಿರುತ್ತೆ.

---

ಕೆಂಗೇರಿ ಸುಮ

ಹೋಗಿ ಬಂದ್ವಿ! ಗುರುವಾರ ಹೋಗಿದ್ದು. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ಮೇಷ್ಟ್ರೇ, ಆತಗೂರು ಅನ್ನೋ ಹೆಸರು ಕೇಳಿದ್ದೇ ಅಪ್ಪ ಎದ್ದು ಕೂತರು. "ಅಲ್ಲಿಗೇ ಅಲ್ವಾ ನಮ್ಮ ಪುಟ್ಟಮ್ಮನ ಕೊಟ್ಟಿರೋದು" ಅಂದರು. ನಮ್ಮ ಸೋದರತ್ತೆ. ನಲವತ್ತು ವರ್ಷದಿಂದ ಹಬ್ಬಕ್ಕೆ, ಹೆರಿಗೆಗೆ, ಸಾವಿಗೆ ಅಂತ ಅಪ್ಪ ಆ ಊರಿಗೆ ಓಡಾಡಿದ್ದಾರೆ. ಈ ಕಲ್ಲಿನ ಸುದ್ದಿ ಕಿವಿಗೇ ಬಿದ್ದಿಲ್ಲ. ಬೆಳಿಗ್ಗೆ ಆರಕ್ಕೇ ಪಂಚೆ ಉಟ್ಟು, ಹೆಗಲ ಮೇಲೆ ಟವಲ್ ಹಾಕಿ ರೆಡಿ. ನಾನಿನ್ನೂ ಚಿತ್ರಾನ್ನಕ್ಕೆ ಒಗ್ಗರಣೆ ಹಾಕ್ತಿದ್ದೆ.

ಕಲ್ಲಿನ ಮುಂದೆ ನಿಂತಾಗ ನಾನು ಮೇಷ್ಟ್ರು ಬರೆದದ್ದನ್ನು ಫೋನಿನಲ್ಲಿ ತೆಗೆದು ಓದೋಕೆ ಶುರು ಮಾಡಿದೆ. ಅಪ್ಪ ಕೈ ಅಡ್ಡ ಹಿಡಿದರು. "ಸುಮ್ಕಿರು, ನೋಡಣ" ಅಂದರು. ಸೊಂಟದ ಮೇಲೆ ಕೈ ಇಟ್ಟು ಆ ಹಂದಿ, ನಾಯಿ ಕೆತ್ತನೆಯನ್ನೇ ನೋಡಿದರು. ಗದ್ದೆ ಬದುವಿನ ಮೇಲೆ ನಿಂತು ಪೈರು ನೋಡ್ತಾರಲ್ಲ, ಹಾಗೆ. ಎಷ್ಟೋ ಹೊತ್ತು ಆದ ಮೇಲೆ ಹೇಳಿದರು: "ತಪ್ಪು ಮಾಡವ್ರೆ. ಒಂದೇ ನಾಯಿ ಬಿಟ್ಟವ್ರೆ."

ವಿಷಯ ಏನಂದ್ರೆ ನಮ್ಮ ಕಬ್ಬಿನ ಗದ್ದೆಗೂ ಹಂದಿ ಕಾಟ. ರಾತ್ರಿ ಹಿಂಡು ನುಗ್ಗಿದರೆ ಬೆಳಿಗ್ಗೆ ರೋಲರ್ ಹೊಡೆದ ಹಾಗೆ ಇರುತ್ತೆ. ಅಪ್ಪ ಚಿಕ್ಕವರಿದ್ದಾಗ ಕಾವಲಿಗೆ ಮೂರು ನಾಯಿ ಸಾಕಿದ್ದರಂತೆ. ಒಂದು ಮುಂದಿನಿಂದ ಬೊಗಳಬೇಕು, ಎರಡು ಹಿಂದಿನಿಂದ ಕಾಲು ಹಿಡೀಬೇಕು. ಒಂಟಿ ನಾಯಿ ಎದುರಿಗೆ ಹೋದರೆ ಹಂದಿ ಕೋರೆಯಲ್ಲಿ ಹೊಟ್ಟೆ ಸೀಳುತ್ತೆ. ಅವರ ಕರಿಯ ಅನ್ನೋ ನಾಯಿ ಹಾಗೇ ಹೋಗಿದ್ದು. ಇಷ್ಟು ವರ್ಷದಲ್ಲಿ ನನಗೆ ಒಂದು ಸಲವೂ ಹೇಳಿರಲಿಲ್ಲ. ಮಗಳು ಕೇಳಿದಳು, "ತಾತ, ಕರಿಯಂಗೆ ಕಲ್ಲು ನಿಲ್ಲಿಸಿದ್ರಾ?" ಅಂತ. "ಹುಣಸೆ ಮರದ ಬುಡದಲ್ಲಿ ಹೂತ್ವಿ ಕೂಸು. ಕಲ್ಲು ಗಿಲ್ಲು ಎಲ್ಲಿ" ಅಂದರು.

ಆಮೇಲೆ ಗದ್ದೆಯ ವಿಷಯ. ಎರಡು ಕಂಡುಗ ಅಂದ್ರೆ ಎಷ್ಟು ಅಂತ ನನಗೆ ಗೊತ್ತಿರಲಿಲ್ಲ. ಅಪ್ಪನಿಗೆ ಅದು ಮನೆ ಮಾತು. ಇಪ್ಪತ್ತು ಕೊಳಗ ಒಂದು ಕಂಡುಗ. ಎರಡು ಕಂಡುಗ ಬಿತ್ತನೆ ಹಿಡಿಯೋ ಅಷ್ಟು ಜಮೀನು. "ಅದೂ ದೊಡ್ಡ ಕೆರೆ ಕೆಳಗೆ! ನೀರಿಗೆ ಯೋಚನೆ ಇಲ್ದಿರೋ ಜಾಗ. ನಾಯಿಗೆ ಒಳ್ಳೇ ಗದ್ದೇನೇ ಬಿಟ್ಟವ್ರೆ ಕಣವ್ವ" ಅಂದರು. ಆ ಮಣಲೆರ ಅನ್ನೋನ ಮೇಲೆ ಅವರಿಗೆ ಗೌರವ ಬಂದಿದ್ದು ಯುದ್ಧಕ್ಕಲ್ಲ, ಈ ಗದ್ದೆಗೆ.

ಮಗಳಿಗೆ ಏಳು "ರ" ಸಿಕ್ಕಿತು. ಗ ಒಂದೇ, ಅದೂ ಅನುಮಾನ. "ಒಡಸತ್ತುವು" ಮಾತ್ರ ಬಾಯಿಪಾಠ. ಈಗ ಮನೆಯಲ್ಲಿ ಟಿವಿ, ವೈಫೈ ಎರಡೂ ಒಟ್ಟಿಗೆ ನಿಂತರೂ ಒಡಸತ್ತುವು.

ಎಡವಟ್ಟಾಗಿದ್ದು ಇವಳಿಂದಲೇ. ಹೊರಡೋ ಹೊತ್ತಿಗೆ, "ತಾತ, ಪೂಜೆ ಮಾಡದೆ ಊಟ ಮಾಡಿದ್ರೆ ನಾಯಿ ಪಾಪ ಬರುತ್ತಂತೆ" ಅಂದುಬಿಟ್ಟಳು. ಅದು ಗುಡಿಯ ಗೊರವನಿಗೆ ಹೇಳಿದ್ದು, ನಮಗಲ್ಲ ಅಂತ ನಾನು ಎಷ್ಟು ಹೇಳಿದರೂ ಅಪ್ಪ ಕೇಳಲಿಲ್ಲ. "ಗೊರವ ಇಲ್ಲ, ಗದ್ದೆ ಇಲ್ಲ, ಊರವ್ರು ಅಂತ ಬಂದಿರೋದು ನಾನೇ ತಾನೆ" ಅಂದರು. ಹೆಗಲ ಟವಲ್ ತೆಗೆದು ಸೊಂಟಕ್ಕೆ ಸುತ್ತಿಕೊಂಡು ಕೈ ಮುಗಿದರು. ಮುಟ್ಟೋ ಹಾಗಿಲ್ಲ ಅಂತ ಮೊದಲೇ ಹೇಳಿದ್ದೆ, ಮುಟ್ಟಲಿಲ್ಲ. ಪಕ್ಕದಲ್ಲಿ ಫೋಟೊ ತೆಗೀತಿದ್ದ ಇಬ್ಬರು ಹುಡುಗರು ಏನಾಗ್ತಿದೆ ಅಂತ ಗೊತ್ತಾಗದೆ ಅವರೂ ಕೈ ಮುಗಿದರು.

ಬೇಗೂರಿನ ವೀರಗಲ್ಲು ನೋಡೋಕೆ ಮಂಡಿ ಒಪ್ಪಲಿಲ್ಲ. ವೆಂಕಟಪ್ಪನವರದ್ದೂ ಆಗಲಿಲ್ಲ, ಬಣ್ಣದ ಡಬ್ಬಿಯವರು ಕ್ಷಮಿಸಬೇಕು. ಮ್ಯಾಪ್ ಹೊರಗಿನಿಂದಲೇ ನೋಡಿದ್ವಿ. ಅಪ್ಪ ಕೇಳಿದ್ದು ಒಂದೇ ಪ್ರಶ್ನೆ: "ಎಷ್ಟು ನೀರು ಹಿಡಿಸ್ತದೆ?"

ಕಬ್ಬನ್ ಪಾರ್ಕಿನಲ್ಲಿ ಬಿದಿರು ಮೆಳೆ ಹತ್ತಿರ ಕೂತು ಡಬ್ಬಿ ಬಿಚ್ಚಿದ್ವಿ. ಒಂದು ಕಂದು ನಾಯಿ ಬಂತು. ಅಪ್ಪ ಮೊದಲ ತುತ್ತು ಎಲೆ ಮೇಲೆ ಇಟ್ಟು ಅದರ ಮುಂದೆ ಇಟ್ಟರು. ಅದು ಮೂಸಿ ನೋಡಿ ಹೋಯಿತು. ಚಿತ್ರಾನ್ನ ಅದಕ್ಕೆ ಬೇಡವಂತೆ.

ಮೇಷ್ಟ್ರಿಗೆ ಅಪ್ಪನ ಕಡೆಯಿಂದ ಒಂದು ಪ್ರಶ್ನೆ. ಆ ಕಲ್ಲು ಊರಲ್ಲೇ ಇರಬೇಕಿತ್ತಲ್ವಾ? ಇಲ್ಲಿಗೆ ತಂದಿದ್ದು ಸರೀನಾ?

---

ರಿಟೈರ್ಡ್ ಕನ್ನಡ ಮೇಷ್ಟ್ರು

ಸುಮಮ್ಮ, ನಿಮ್ಮ ತಂದೆಯವರು ಹೇಳಿದ "ಒಂದೇ ನಾಯಿ ಬಿಟ್ಟವ್ರೆ" ಅನ್ನೋದು ಇಪ್ಪತ್ತೆರಡು ವರ್ಷದಲ್ಲಿ ನನಗೆ ಹೊಳೆದಿರಲಿಲ್ಲ. ಗುರುತು ಹಾಕಿಕೊಂಡಿದ್ದೇನೆ.

ಅವರ ಪ್ರಶ್ನೆಗೆ ನನ್ನ ಹತ್ತಿರ ಎರಡು ಮನಸ್ಸಿದೆ. ಊರುಗಳಲ್ಲಿ ವೀರಗಲ್ಲಿನ ಮೇಲೆ ಬಟ್ಟೆ ಒಗೆಯೋದು ನೋಡಿದ್ದೇನೆ, ಮೋರಿಗೆ ಅಡ್ಡ ಹಾಕಿರೋದು ನೋಡಿದ್ದೇನೆ. ಆತಗೂರಿನ ಕಲ್ಲು ಅಲ್ಲೇ ಇದ್ದಿದ್ದರೆ ಅಕ್ಷರ ಇಷ್ಟು ಉಳೀತಿತ್ತು ಅಂತ ಹೇಳೋ ಧೈರ್ಯ ನನಗಿಲ್ಲ. ಆದರೆ ಊರಿನವರಿಗೇ ಕಲ್ಲಿನ ಸುದ್ದಿ ಗೊತ್ತಿಲ್ಲ ಅನ್ನೋದೂ ನಷ್ಟವೇ. ಹಲ್ಮಿಡಿಯಲ್ಲಿ ಮೂಲ ಶಾಸನ ಇಲ್ಲ, ಅದರ ಪ್ರತಿಕೃತಿ ನಿಲ್ಲಿಸಿದ್ದಾರೆ. ಮಕ್ಕಳು ಹೋಗಿ ನೋಡ್ತಾರೆ. ಆತಗೂರಿಗೂ ಹಾಗೆ ಮಾಡಬಹುದು. ಖರ್ಚು ಎರಡು ಕಂಡುಗ ಗದ್ದೆಯಷ್ಟು ಆಗಲ್ಲ.

---

ನಾಲ್ಕನೇ ಬ್ಲಾಕ್ ಹುಡ್ಗ

ಸರಿ, ಸೋತೆ. ಭಾನುವಾರ ಹೋಗಿ ಆ ನಾಯಿ ನೋಡ್ಕೊಂಡು ಬರ್ತೀನಿ. ತಾತನಿಗೆ ಹೇಳಿ, ಅದು ನೀರಿನ ಟ್ಯಾಂಕ್ ಅಲ್ಲ ಅಂತ.

---

ಕೆಂಗೇರಿ ಸುಮ

ಹೇಳಿದೆ. ನಂಬಲಿಲ್ಲ.

ಅಪ್ಪ ಶನಿವಾರ ಬೆಳಗಿನ ಗಾಡಿಗೆ ಮದ್ದೂರಿಗೆ ಹೊರಟಿದ್ದಾರೆ, ಮಗಳೂ ಜೊತೆಗೆ. ಇಬ್ಬರೂ ನೇರ ಆತಗೂರಿಗೆ, ಅತ್ತೆ ಮನೆಗೆ. ಬೆಳತೂರಿನ ಪಡುವಣ ದಿಕ್ಕಿನ ಮೊರಡಿ ಯಾವುದು ಅಂತ ಆ ಕಡೆಯವರು ಯಾರಾದ್ರೂ ಇದ್ರೆ ತಿಳಿಸಿ. ದೊಡ್ಡ ಕೆರೆ ಯಾರನ್ನೂ ಕೇಳೋದು ಬೇಡವಂತೆ, ಅದನ್ನ ಅವರೇ ಹುಡುಕ್ತಾರಂತೆ.